ದುಡಿಯುವವರ ಆರೋಗ್ಯ ಮತ್ತು ನಮ್ಮ ಕೀರ್ದಿ ಪುಸ್ತಕ

ಕೆಲವು ವರ್ಷಗಳ ಹಿಂದೆ ಮಾರುಕಟ್ಟೆ ಪ್ರಾಂಗಣವೊಂದರಲ್ಲಿ ನಾವು ವರ್ತಕರೆಲ್ಲ ಕೂಡಿ ಹಮಾಲರಿಗಾಗಿ ಉಚಿತ ಆರೋಗ್ಯ ತಪಾಸಣಾ ಶಿಬಿರವನ್ನು ಏರ್ಪಡಿಸಿದ್ದೆವು. ಶಾಮಿಯಾನ, ಬ್ಯಾನರು, ಹಾರ-ತುರಾಯಿ, ಗಣ್ಯರ ಭಾಷಣ ಎಲ್ಲವೂ ಕ್ರಮಬದ್ಧವಾಗಿ ನಡೆದವು. ನಮ್ಮ ಅಡತಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಚೀಲ ಹೊರುತ್ತಿದ್ದ ಹಿರಿಯರೊಬ್ಬರು ಬೆನ್ನುನೋವಿಗೆಂದು ವೈದ್ಯರ ಮುಂದೆ ಕುಳಿತರು. ವೈದ್ಯರು ನೋವಿನ ಗುಳಿಗೆ ಬರೆದುಕೊಟ್ಟು, ಇನ್ನು ಭಾರ ಎತ್ತಬೇಡಿರೆಂದು ಹೇಳಿದರು. ಹೊರಗೆ ಬಂದಾಗ ನಾನು ಅವರನ್ನು ವಿಚಾರಿಸಿದೆ. ‘ಗುಳಗಿ ಕೊಟ್ಟಾರ್ರೀ ಸಾವ್ಕಾರ್ರ. ಗುಳಗಿ ತಗೊಂಡು ಮತ್ತ ಅದ ಚೀಲಾನ ಹೊರಬೇಕಲ್ರೀ’ ಎಂದು ನಕ್ಕು, ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಲಾರಿಯ ಕಡೆಗೆ ನಡೆದರು. ಅವರು ನನ್ನನ್ನು ಆಕ್ಷೇಪಿಸಲಿಲ್ಲ. ಆದರೆ ಆ ಚೀಲ ನನ್ನದಾಗಿತ್ತು. ಮರುವರ್ಷ ಅವರು ಕೆಲಸ ಬಿಟ್ಟರು. ಆಗ ಅವರಿಗೆ ಐವತ್ತು ವರ್ಷವೂ ತುಂಬಿರಲಿಲ್ಲ.

ಆರೋಗ್ಯವೆಂದರೆ ಆಸ್ಪತ್ರೆ, ವೈದ್ಯರು, ಔಷಧಿ ಎಂಬುದು ನಮ್ಮೆಲ್ಲರ ರೂಢಿಗತ ಕಲ್ಪನೆ. ವಾಣಿಜ್ಯ ಸಂಸ್ಥೆಗಳ ಸಭೆಗಳಲ್ಲಿ ನಾವು ತೆರಿಗೆ, ವಿದ್ಯುತ್‌ ದರ, ಮಾರುಕಟ್ಟೆ ಶುಲ್ಕ, ರೈಲ್ವೆ ವ್ಯಾಗನ್ನುಗಳ ಕುರಿತು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆರೋಗ್ಯದ ವಿಷಯ ಬಂದಾಗ ಮಾತ್ರ ಅದನ್ನು ದಾನ-ಧರ್ಮದ ಪಟ್ಟಿಗೆ ಸೇರಿಸಿ ಒಂದು ಶಿಬಿರ ಮಾಡಿ ಮುಗಿಸುತ್ತೇವೆ. ಮನುಷ್ಯನು ಎಂಥ ಮನೆಯಲ್ಲಿ ವಾಸಿಸುತ್ತಾನೆ, ಯಾವ ನೀರು ಕುಡಿಯುತ್ತಾನೆ, ಎಷ್ಟು ಓದಿದ್ದಾನೆ, ಯಾರ ಕೈಕೆಳಗೆ ಯಾವ ಕೆಲಸ ಮಾಡುತ್ತಾನೆ, ಎಷ್ಟು ಸಾಲ ಹೊತ್ತಿದ್ದಾನೆ ಎಂಬ ಸಂಗತಿಗಳೇ ಅವನ ಆರೋಗ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ ಎಂಬುದನ್ನು ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಇಂಗ್ಲೆಂಡಿನಲ್ಲಿ 1967ರಲ್ಲಿ ಆರಂಭವಾದ ಪ್ರಸಿದ್ಧ ಅಧ್ಯಯನವೊಂದು ಲಂಡನ್ನಿನ ಸುಮಾರು 18 ಸಾವಿರ ಪುರುಷ ಸರಕಾರಿ ನೌಕರರನ್ನು ವರ್ಷಾನುಗಟ್ಟಲೆ ಗಮನಿಸಿತು. ಯಾರೂ ಕಡುಬಡವರಲ್ಲ, ಎಲ್ಲರಿಗೂ ಸರಕಾರದ ಉಚಿತ ವೈದ್ಯಕೀಯ ಸೌಲಭ್ಯ ಇತ್ತು. ಆದರೂ ಅತ್ಯಂತ ಕೆಳದರ್ಜೆಯ ಜವಾನರು ಮೇಲ್ದರ್ಜೆಯ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಪ್ರಮಾಣದಲ್ಲಿ ಸಾವಿಗೀಡಾಗುತ್ತಿದ್ದರು. ಧೂಮಪಾನ, ರಕ್ತದೊತ್ತಡ ಮೊದಲಾದ ವೈಯಕ್ತಿಕ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆಯೂ ಅಂತರ ಪೂರ್ತಿಯಾಗಿ ಅಳಿಯಲಿಲ್ಲ. ಈ ಸಂಶೋಧನೆಯನ್ನು ಮುಂದುವರಿಸಿದ ಮೈಕೇಲ್‌ ಮಾರ್ಮಟ್‌ ಅವರ ಅಧ್ಯಕ್ಷತೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನೇಮಿಸಿದ ಆಯೋಗ 2008ರಲ್ಲಿ ವರದಿ ನೀಡಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ಸುತ್ತಿನ ಎರಡು ಬಡಾವಣೆಗಳು ಪರಸ್ಪರ ಕೆಲವೇ ಮೈಲಿಗಳ ಅಂತರದಲ್ಲಿದ್ದರೂ ಅಲ್ಲಿ ಹುಟ್ಟುವ ಗಂಡುಮಕ್ಕಳ ನಿರೀಕ್ಷಿತ ಆಯುಷ್ಯದಲ್ಲಿ 28 ವರ್ಷಗಳ ವ್ಯತ್ಯಾಸವಿದೆಯೆಂದು ಆ ವರದಿ ತೋರಿಸಿತು.

ಪರದೇಶದ ಮಾತು ಅಷ್ಟಕ್ಕೇ ಇರಲಿ. ನಮ್ಮ ನಾಡಿನಲ್ಲಿ ವ್ಯಾಪಾರಕ್ಕೂ ರೋಗಕ್ಕೂ ಇರುವ ನಂಟನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. 1898ರಲ್ಲಿ ಹುಬ್ಬಳ್ಳಿಯು ಪ್ಲೇಗಿನಿಂದ ತತ್ತರಿಸಿದಾಗ ಪೇಟೆಯೇ ಸ್ತಬ್ಧವಾಯಿತು. ಜನ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಸಾವಿರಾರು ಮಂದಿಗೆ ಹಾಫ್‌ಕಿನ್‌ ಸಿದ್ಧಪಡಿಸಿದ ಲಸಿಕೆ ಹಾಕಲಾಯಿತು. ಕಾಳುಕಡಿಯ ಗೋದಾಮುಗಳಲ್ಲಿ ಇಲಿಗಳು ಬೆಳೆಯುತ್ತವೆ, ಇಲಿಯ ಚಿಗಟದಿಂದ ರೋಗ ಹರಡುತ್ತದೆ ಎಂಬುದು ತರುವಾಯ ನಿಚ್ಚಳವಾಯಿತು. ಅಂದಿನ ರೋಗದ ಒಂದು ಬೇರು ನಮ್ಮ ಕಸುಬಿನ ಗೋದಾಮಿನಲ್ಲೇ ಇತ್ತು. ಇಂದಿನ ರೋಗಗಳ ಬೇರುಗಳು ಎಲ್ಲಿವೆ ಎಂದು ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳನ್ನು ಮುಂದಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಅಣ್ಣಿಗೇರಿಯನ್ನು ತೆಗೆದುಕೊಳ್ಳೋಣ. ಆದಿಕವಿ ಪಂಪನ ಹೆಸರಿನೊಂದಿಗೆ ಬೆಸೆದುಕೊಂಡ ಈ ಊರು ನಮ್ಮ ವರ್ತಕ ವರ್ಗಕ್ಕೆ ಪರಿಚಿತವಾಗಿರುವುದು ಹತ್ತಿಯಿಂದ ಮತ್ತು ಜಿನ್ನಿಂಗ್‌ ಫ್ಯಾಕ್ಟರಿಗಳಿಂದ. ಹಂಗಾಮಿನಲ್ಲಿ ಫ್ಯಾಕ್ಟರಿಯ ಒಳಹೊಕ್ಕವರಿಗೆ ಅಲ್ಲಿನ ಗಾಳಿಯನ್ನು ವರ್ಣಿಸಬೇಕಾಗಿಲ್ಲ. ಅಂಡಿಗೆ ಬಿಚ್ಚುವವರು, ಯಂತ್ರಕ್ಕೆ ಹತ್ತಿ ಹಾಕುವ ಹೆಂಗಸರು, ಅರಳೆ ಎಳೆಯುವವರು, ಹತ್ತಿಕಾಳು ಗುಡಿಸುವವರು ಎಲ್ಲರ ಹುಬ್ಬು-ರೆಪ್ಪೆಗಳು ಮಧ್ಯಾಹ್ನದ ಹೊತ್ತಿಗೆ ಬೆಳ್ಳಗಾಗಿರುತ್ತವೆ. ಕಣ್ಣಿಗೆ ಕಾಣುವ ಆ ನಾರು ಅಷ್ಟೊಂದು ಅಪಾಯಕಾರಿಯಲ್ಲ. ಎಲೆ, ತೊಗಟೆ, ಮಣ್ಣುಗಳಿಂದ ಕೂಡಿದ, ಕಣ್ಣಿಗೆ ಕಾಣದ ಸೂಕ್ಷ್ಮ ಧೂಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವರ್ಷಾನುಗಟ್ಟಲೆ ಈ ಧೂಳನ್ನು ಸೇವಿಸಿದವರಿಗೆ ಬರುವ ಕಾಯಿಲೆಗೆ ವೈದ್ಯರು ಬಿಸಿನೋಸಿಸ್‌ ಎನ್ನುತ್ತಾರೆ. ಇದರ ಲಕ್ಷಣ ವಿಚಿತ್ರವಾದದ್ದು. ವಾರದ ರಜೆ ಮುಗಿಸಿ ಮರಳಿ ಕೆಲಸಕ್ಕೆ ಬಂದ ಮೊದಲನೆಯ ದಿನ ಎದೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ, ಮರುದಿನ ಕಡಿಮೆಯಾಗುತ್ತದೆ. ಇಂಗ್ಲೆಂಡಿನ ಲ್ಯಾಂಕಾಶೈರ್‌ ಗಿರಣಿಗಳಲ್ಲಿ ಇದು ‘ಸೋಮವಾರದ ರೋಗ’ ಎಂದೇ ಹೆಸರಾಗಿತ್ತು. ಮುಂದೆ ಬಿಗಿತವು ಎರಡು ದಿನ, ಮೂರು ದಿನ, ಕೊನೆಗೆ ವಾರವಿಡೀ ಉಳಿಯುತ್ತದೆ. ಆ ಹಂತದಲ್ಲಿ ಕೆಲಸ ಬಿಟ್ಟರೂ ಶ್ವಾಸಕೋಶವು ಮೊದಲಿನಂತಾಗುವುದಿಲ್ಲ.

ನಮ್ಮಲ್ಲಿ ರಜೆಯ ಮರುದಿನ ಕೆಲಸಗಾರನು ಬರದಿದ್ದರೆ ನಾವು ಏನೆಂದುಕೊಳ್ಳುತ್ತೇವೆ? ನಿನ್ನೆ ಕುಡಿದಿದ್ದಾನೆ, ಇವತ್ತು ಎದ್ದಿಲ್ಲ ಎಂದು. ಹಲವು ಸಲ ಅದು ನಿಜವೂ ಇದ್ದೀತು. ಆದರೆ ಎಷ್ಟು ಸಲ ಅದು ಎದೆಬಿಗಿತವಾಗಿತ್ತು ಎಂಬುದನ್ನು ನಮ್ಮ ಹಾಜರಿ ಪುಸ್ತಕ ಹೇಳುವುದಿಲ್ಲ. ಆತನೂ ಹೇಳುವುದಿಲ್ಲ, ಕೆಮ್ಮು ಬೀಡಿಯದೆಂದು ಆತನೇ ನಂಬಿರುತ್ತಾನೆ. ಹಳ್ಳಿಯ ವೈದ್ಯರಲ್ಲಿಗೆ ಹೋದರೆ ದಮ್ಮು ಎನ್ನುತ್ತಾರೆ, ಇಲ್ಲವೆ ಕಫದ ಪರೀಕ್ಷೆಗೆ ಬರೆಯುತ್ತಾರೆ. ಏನು ಕೆಲಸ ಮಾಡುತ್ತೀ ಎಂಬ ಪ್ರಶ್ನೆಯೊಂದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇಲ್ಲಿ ಕಾನೂನಿನ ಒಂದು ಸೋಜಿಗವನ್ನು ಸದಸ್ಯ ಬಾಂಧವರ ಗಮನಕ್ಕೆ ತರಬಯಸುತ್ತೇನೆ. ಬಿಸಿನೋಸಿಸ್‌ ನಮ್ಮ ದೇಶದ ಕಾನೂನಿನಲ್ಲಿ ವೃತ್ತಿರೋಗಗಳ ಪಟ್ಟಿಯಲ್ಲಿ ಸೇರಿದೆ. ಅದೇ ಸಮಯಕ್ಕೆ 1948ರ ಕಾರ್ಮಿಕ ರಾಜ್ಯ ವಿಮಾ ಕಾಯಿದೆಯು ಹಂಗಾಮಿ ಕಾರ್ಖಾನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಾಗೆ ಹೊರಗಿಟ್ಟ ಪಟ್ಟಿಯಲ್ಲಿ ಹತ್ತಿ ಜಿನ್ನಿಂಗ್‌, ಹತ್ತಿ ಪ್ರೆಸ್ಸಿಂಗ್‌, ಶೇಂಗಾ ಸುಲಿಯುವ ಕಾರ್ಖಾನೆಗಳು ಹೆಸರಿಸಲ್ಪಟ್ಟಿವೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಹಂಗಾಮಿ ಕಾರ್ಖಾನೆಗಳ ವಿನಾಯಿತಿಯನ್ನು ಉಳಿಸಿಕೊಂಡಿದೆ. ಅಂದರೆ ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ಹತ್ತು ಜನರಿರುವ ವರ್ಕ್‌ಶಾಪಿನ ಫಿಟ್ಟರನಿಗೆ, ಸಂಬಳ ₹21,000 ಮಿತಿಯೊಳಗಿದ್ದರೆ, ವಿಮಾ ಆಸ್ಪತ್ರೆಯೂ ಇದೆ, ಕಾಯಿಲೆ ಬಿದ್ದ ದಿನಗಳ ಭತ್ಯೆಯೂ ಇದೆ. ಅಣ್ಣಿಗೇರಿಯ ಜಿನ್ನಿಂಗ್‌ ಕೆಲಸದ ಹೆಣ್ಣುಮಗಳಿಗೆ ಇವೆರಡೂ ಇಲ್ಲ. ಈ ವಿನಾಯಿತಿಯನ್ನು ಉದ್ಯಮದ ಹಿತಕ್ಕೆಂದು ನಾವು ಇಷ್ಟು ವರ್ಷ ಸಮಾಧಾನದಿಂದ ಸ್ವೀಕರಿಸಿದ್ದೇವೆ. ಮಾಲೀಕರ ಪಾಲಿನ ವಂತಿಗೆಯು ಸಂಬಳದ ಶೇ. 3.25 ಮಾತ್ರ. ಹಂಗಾಮಿನಲ್ಲಿ ಅರ್ಧ ದಿನ ಯಂತ್ರ ನಿಂತರೆ ಆಗುವ ನಷ್ಟದೊಡನೆ ಪ್ರತಿಯೊಬ್ಬ ಮಾಲೀಕರೂ ಅದನ್ನು ತಾಳೆ ಹಾಕಿ ನೋಡಬಹುದು.

2000ದಲ್ಲಿ ಕೇಂದ್ರ ಸರಕಾರವು ಹತ್ತಿ ತಂತ್ರಜ್ಞಾನ ಮಿಷನ್ನನ್ನು ಆರಂಭಿಸಿದಾಗ ಜಿನ್ನಿಂಗ್‌ ಫ್ಯಾಕ್ಟರಿಗಳ ಆಧುನೀಕರಣಕ್ಕೆ ಸಹಾಯಧನ ದೊರೆಯಿತು. ಕೈಯಿಂದ ಹತ್ತಿ ಹೊತ್ತು ಹಾಕುವ ಬದಲು ಗಾಳಿಯ ಕೊಳವೆಯಲ್ಲಿ ಸಾಗಿಸುವ ವ್ಯವಸ್ಥೆ ಬಂದ ಕಡೆಗಳಲ್ಲಿ ಧೂಳು ಇಳಿಯಿತು, ಅರಳೆಯಲ್ಲಿನ ಕಸವೂ ಇಳಿಯಿತು, ಬೆಲೆಯೂ ಏರಿತು. ಅರಳೆಯ ಗುಣಮಟ್ಟಕ್ಕಾಗಿ ಮಾಡಿದ್ದು ಕೆಲಸಗಾರರ ಎದೆಗೂ ಒಳಿತಾಯಿತು. ಆದರೆ ಹಳೆಯ ಮಾದರಿಯ ಸಣ್ಣ ಘಟಕಗಳಿಗೆ ಈ ಭಾಗ್ಯ ಬರಲಿಲ್ಲ. ಅಲ್ಲಿ ಕನಿಷ್ಠಪಕ್ಷ ಧೂಳು ಹೀರುವ ಫ್ಯಾನುಗಳನ್ನು ಯಂತ್ರಗಳ ಸಾಲಿಗೆ ಸರಿಯಾಗಿ ಕೂಡಿಸುವುದು, ಒಣನೆಲವನ್ನು ಪೊರಕೆಯಿಂದ ಗುಡಿಸುವುದನ್ನು ನಿಲ್ಲಿಸುವುದು ಸಾಧ್ಯವಿದೆ. ಬಟ್ಟೆ ಕಟ್ಟಿಕೊಳ್ಳಲು ಹೇಳುತ್ತೇವಲ್ಲ ಎನ್ನುವವರಿದ್ದಾರೆ. ಸೀರೆಯ ಸೆರಗು ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ.

ಇನ್ನು ಚೀಲದ ಭಾರ. ವಯಸ್ಕ ಪುರುಷನು ಹೊರಬಹುದಾದ ಗರಿಷ್ಠ ಭಾರ 55 ಕಿಲೋ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲೇ ಶಿಫಾರಸು ಮಾಡಿತು. ಸಿಮೆಂಟು 50 ಕಿಲೋ ಚೀಲಕ್ಕೆ ಒಗ್ಗಿಕೊಂಡಿದೆ, ಆ ಉದ್ಯಮವೇನೂ ಮುಳುಗಿಲ್ಲ. ಕಾಳುಕಡಿಯಲ್ಲಿ ಮಾತ್ರ ಕ್ವಿಂಟಲ್‌ ಚೀಲದ ಮೇಲಿನ ವ್ಯಾಮೋಹ ನಮ್ಮಲ್ಲಿ ಬಹುಕಾಲ ಉಳಿಯಿತು. ಬಾರದಾನದ ಖರ್ಚು ಹೆಚ್ಚುತ್ತದೆ ಎಂಬುದು ನಮ್ಮ ವಾದ. ಹಮಾಲರ ಚಿಂತೆ ಬೇರೆ: ಹಮಾಲಿ ದರ ಚೀಲದ ಲೆಕ್ಕದಲ್ಲಿ ಇರುವುದರಿಂದ ಚೀಲ ಸಣ್ಣದಾದಾಗ ದರವನ್ನೂ ಅರ್ಧಕ್ಕೆ ಇಳಿಸಿದರೆ ಅವರು ಎರಡು ಪಟ್ಟು ನಡೆಯಬೇಕಾಗುತ್ತದೆ. ಆದ್ದರಿಂದ ಭಾರ ಇಳಿಸುವ ಮಾತನ್ನು ದರದ ಮಾತಿನೊಡನೆಯೇ ಆಡಬೇಕು. ದರದ ಮಾತಿಲ್ಲದೆ ಭಾರವನ್ನಷ್ಟೇ ಇಳಿಸಿದರೆ ಅದಕ್ಕೆ ಮೊದಲ ವಿರೋಧ ಬರುವುದು ಹಮಾಲರಿಂದಲೇ.

ಕುಂದಗೋಳದ ಕಡೆಯ ಮೆಣಸಿನಕಾಯಿಯ ವಿಷಯದಲ್ಲಿ ನಾನು ಹೇಳಬೇಕೆಂದಿರುವುದು ಘಾಟಿನ ಕುರಿತಲ್ಲ. ಕಾಯಿ ಆರಿಸುವ, ತೊಟ್ಟು ತೆಗೆಯುವ ಕೆಲಸವೆಲ್ಲ ಹೆಣ್ಣುಮಕ್ಕಳದು. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರರವರೆಗೆ ಅವರು ಕುಳಿತಲ್ಲೇ ಕುಳಿತಿರುತ್ತಾರೆ. ಎಷ್ಟು ಗೋದಾಮುಗಳಲ್ಲಿ, ಎಷ್ಟು ಕಣಗಳಲ್ಲಿ ಅವರಿಗೆ ಶೌಚಾಲಯವಿದೆ? ಗಂಡಸರು ಗೋಡೆಯ ಮರೆ ಹುಡುಕಿಕೊಳ್ಳುತ್ತಾರೆ. ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದಾರೆ: ನೀರು ಕುಡಿಯದಿರುವುದು. ಮಾರ್ಚ್‌ ತಿಂಗಳ ಬಿಸಿಲಿನಲ್ಲಿ, ಕಾಯಿಯ ಧೂಳಿನ ನಡುವೆ, ಹತ್ತು ಗಂಟೆ ನೀರು ಕುಡಿಯದೆ ದುಡಿಯುತ್ತಾರೆ. ಮೂತ್ರನಾಳದ ಸೋಂಕು, ಉರಿಮೂತ್ರ, ಮೂತ್ರಪಿಂಡದ ಹರಳು ಇವುಗಳಿಗೆ ಇದು ನೇರ ದಾರಿ. ಗರ್ಭಿಣಿಯರಲ್ಲಿ ಈ ಸೋಂಕು ಅವಧಿಗೆ ಮುಂಚಿನ ಹೆರಿಗೆಗೂ ಕಾರಣವಾಗಬಲ್ಲದು. ಇದಕ್ಕೆ ಔಷಧಿಯನ್ನು ಸರಕಾರಿ ಆಸ್ಪತ್ರೆ ಕೊಟ್ಟೀತು. ನಾಲ್ಕು ಗೋಡೆ, ಒಂದು ಬಾಗಿಲು, ಒಳಗಿನಿಂದ ಹಾಕುವ ಚಿಲಕವನ್ನು ಮಾತ್ರ ನಾವೇ ಕೊಡಬೇಕು. ಚಿಲಕವನ್ನು ಬೇಕೆಂದೇ ಪ್ರತ್ಯೇಕವಾಗಿ ಹೆಸರಿಸಿದ್ದೇನೆ. ಚಿಲಕವಿಲ್ಲದ ಶೌಚಾಲಯ ಕಟ್ಟಿಸಿ, ಹೆಂಗಸರು ಬಳಸುತ್ತಿಲ್ಲವೆಂದು ಅದರಲ್ಲಿ ಖಾಲಿ ಚೀಲ ತುಂಬಿಟ್ಟ ಮಹನೀಯರನ್ನು ನಾನು ಬಲ್ಲೆ.

ನವಲಗುಂದದ ಸಮಸ್ಯೆ ನೀರಿನದು. ಎರೆಭೂಮಿಯ ಅಡಿಯ ನೀರು ಉಪ್ಪು. ಕೊಳವೆಬಾವಿ ಕೊರೆದವರು ಬಾಯಿಗಿಡಲಾಗದ ನೀರನ್ನು ಕಂಡಿದ್ದಾರೆ. ಆದ್ದರಿಂದಲೇ ಇಲ್ಲಿಯ ಹಳ್ಳಿಗಳ ಜೀವ ಕೆರೆಗಳಲ್ಲಿದೆ, ಕೆರೆಗಳ ಜೀವ ಮಲಪ್ರಭೆಯ ಕಾಲುವೆಯಲ್ಲಿದೆ. 1980ರ ರೈತ ಬಂಡಾಯದಿಂದ ಹಿಡಿದು ಕಳಸಾ-ಬಂಡೂರಿ ಹೋರಾಟದವರೆಗೆ ಈ ತಾಲೂಕು ಬೀದಿಗಿಳಿದ ಪ್ರತಿ ಸಂದರ್ಭದಲ್ಲೂ ಕಾಲುವೆ ಅಥವಾ ನೀರು ಮಾತಿನ ನಡುವೆ ಇತ್ತು. ಅಂಗಡಿ ಬಂದ್‌ ಮಾಡಿ ಬೆಂಬಲಿಸಿದ ವರ್ತಕರಿಗೆ ಅದು ನೆನಪಿದೆ. ಆದರೆ ಕೆರೆಯ ನೀರು ಮನೆಗೆ ಬರುವಷ್ಟರಲ್ಲಿ ಏನಾಗುತ್ತದೆ ಎಂಬುದರ ಕಡೆಗೆ ನಮ್ಮ ಗಮನ ಹೋದದ್ದು ಕಡಿಮೆ. ಈ ಬಗ್ಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಉತ್ತಮ ಅಧ್ಯಯನ ನಡೆದಿದೆ. ವಿಶ್ವ ಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡದ ಎಂಟು ವಾರ್ಡುಗಳಿಗೆ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಪೂರೈಸುವ ವ್ಯವಸ್ಥೆ ಬಂದಿತು. ಉಳಿದ ವಾರ್ಡುಗಳಲ್ಲಿ ಹಲವು ದಿನಗಳಿಗೊಮ್ಮೆ ನೀರು ಬಿಡುವ ಹಳೆಯ ಪದ್ಧತಿ ಮುಂದುವರಿಯಿತು. ಸಂಶೋಧಕರು ಐದು ವರ್ಷದೊಳಗಿನ ಮಕ್ಕಳಿರುವ ಸಾವಿರಾರು ಮನೆಗಳನ್ನು ಎರಡೂ ಕಡೆ ಹೋಲಿಸಿ ನೋಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲ ಮಕ್ಕಳನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಟೈಫಾಯಿಡ್‌ ನಿರಂತರ ನೀರಿನ ವಾರ್ಡುಗಳಲ್ಲಿ ಕಡಿಮೆಯಿತ್ತು. ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆಯಾಗಿತ್ತು. ಉಳ್ಳವರು ಟಾಕಿ, ಫಿಲ್ಟರುಗಳಿಂದ ಮೊದಲೇ ತಮ್ಮನ್ನು ರಕ್ಷಿಸಿಕೊಂಡಿದ್ದರು ಎಂದು ನಾನು ಇದನ್ನು ಅರ್ಥೈಸುತ್ತೇನೆ. ಅದೇ ನಲ್ಲಿ, ಅದೇ ನೀರು. ಆದರೂ ಯಾರ ಮಗು ಎಂಬುದರ ಮೇಲೆ ಪರಿಣಾಮ ಬೇರೆಯಾಗುತ್ತದೆ.

ನವಲಗುಂದದ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ನೇಯುವವರೆಲ್ಲ ಹೆಣ್ಣುಮಕ್ಕಳು, ಮನೆಯ ಒಳಗೇ ಮಗ್ಗ. ಮಂದ ಬೆಳಕಿನಲ್ಲಿ ಮಂಡಿ ಮಡಚಿ ಕುಳಿತು ನವಿಲು, ಪಗಡೆಯ ಹಾಸುಗಳ ವಿನ್ಯಾಸ ಬಿಡಿಸುವ ಈ ಕಲೆಯ ಮುಂದೆ ನಾವು ಹೆಮ್ಮೆಯಿಂದ ಫೋಟೋ ತೆಗೆಸಿಕೊಳ್ಳುತ್ತೇವೆ. ಮನೆಯೇ ಕಾರ್ಖಾನೆಯಾದಲ್ಲಿ ನೂಲಿನ ಧೂಳು, ಒಲೆಯ ಹೊಗೆ, ತೊಟ್ಟಿಲ ಮಗು ಎಲ್ಲವೂ ಒಂದೇ ಕೋಣೆಯಲ್ಲಿರುತ್ತವೆ. ಕಾರ್ಖಾನೆ ಕಾನೂನುಗಳು ಆ ಹೊಸ್ತಿಲನ್ನು ದಾಟುವುದಿಲ್ಲ. ಹೊಸ ಹುಡುಗಿಯರು ಈ ಕಸುಬಿಗೆ ಬರುತ್ತಿಲ್ಲವೆಂದು ಮರುಗುವವರು, ಒಂದು ಜಮಖಾನೆಗೆ ಎಷ್ಟು ದಿನ ಹಿಡಿಯುತ್ತದೆ, ಅದಕ್ಕೆ ದಿನದ ಕೂಲಿ ಎಷ್ಟು ಬೀಳುತ್ತದೆ ಎಂದು ಒಮ್ಮೆ ಭಾಗಿಸಿ ನೋಡಲಿ.

ತೊಟ್ಟಿಲೆಂದಾಗ ಕಲಘಟಗಿ ನೆನಪಾಗದಿರದು. ಬಣ್ಣದ ಕಲಘಟಗಿ ತೊಟ್ಟಿಲನ್ನು ತವರಿನವರು ಮಗಳ ಚೊಚ್ಚಲ ಕೂಸಿಗೆ ಕೊಡುವುದು ನಮ್ಮ ಭಾಗದ ಸಂಪ್ರದಾಯ. ಸಾಲ ಮಾಡಿಯಾದರೂ ಕೊಡುತ್ತಾರೆ. ಆ ಮಗಳ ರಕ್ತದ ಪ್ರಮಾಣವೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆಯಿತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಶೇ. 65.5. ಅದೇ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಸ್ತ್ರೀಯರ ಪೈಕಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮದುವೆ 18 ತುಂಬುವ ಮೊದಲೇ ಆಗಿತ್ತು. ಆಸ್ಪತ್ರೆಯ ಹೆರಿಗೆಗಳು ಮಾತ್ರ ಶೇ. 97ಕ್ಕೆ ಏರಿದ್ದವು. ಹೆರಿಗೆಯ ದಿನ ಆಸ್ಪತ್ರೆಗೆ ಒಯ್ಯಲು ನಾವು ಕಲಿತಿದ್ದೇವೆ. ಅದಕ್ಕೆ 2008ರಲ್ಲಿ ಬಂದ 108 ವಾಹನ ಬಹಳ ನೆರವಾಯಿತು. ಅದರ ಹಿಂದಿನ ಹದಿನೆಂಟು ವರ್ಷ ಆಕೆ ಏನು ಉಂಡಳು, ಎಷ್ಟನೆಯ ಇಯತ್ತೆಗೆ ಶಾಲೆ ಬಿಟ್ಟಳು, ಯಾರ ಊಟವಾದ ಮೇಲೆ ಆಕೆಯ ಪಾಳಿ ಬಂತು ಎಂಬುದಕ್ಕೆ ಯಾವ ವಾಹನವೂ ಇಲ್ಲ.

ಕಲಘಟಗಿಯ ತಾಂಡಾಗಳಿಂದಲೂ ಕಾಡಂಚಿನ ಹಳ್ಳಿಗಳಿಂದಲೂ ಜನ ಹುಬ್ಬಳ್ಳಿಗೆ, ಗೋವೆಗೆ ದುಡಿಯಲು ಹೋಗುತ್ತಾರೆ. ಕಟ್ಟಡ ಕೆಲಸದಲ್ಲಿ ಒಂದು ದಿನದ ಗೈರುಹಾಜರಿಯೆಂದರೆ ಒಂದು ದಿನದ ಕೂಲಿ ಹೋದಂತೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿದಿದೆ. ನಮ್ಮ ಪೇಟೆಗೂ ಅದರಿಂದ ಗಿರಾಕಿ ಬಂದಿದೆ ಎಂಬುದನ್ನು ಟೀಕೆ ಮಾಡುವ ಮಿತ್ರರೂ ಖಾಸಗಿಯಾಗಿ ಒಪ್ಪುತ್ತಾರೆ. ಆದರೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಪಾಳಿ ಹಚ್ಚಿ, ಪರೀಕ್ಷೆಯ ವರದಿಗೆ ಮತ್ತೆ ಮರುದಿನ ಬರುವಷ್ಟರಲ್ಲಿ ಎರಡು ದಿನದ ಕೂಲಿ ಹೋಗಿರುತ್ತದೆ. ಉಚಿತ ಚಿಕಿತ್ಸೆಯ ಬೆಲೆ ಅದು. ಯಶಸ್ವಿನಿ, ಆಯುಷ್ಮಾನ್‌ ಕಾರ್ಡುಗಳಿರುವುದು ಒಳರೋಗಿಯಾಗಿ ಮಲಗುವ ಮಟ್ಟಕ್ಕೆ ರೋಗ ಬೆಳೆದ ಮೇಲೆ.

ಈಗ ನಮ್ಮೆಲ್ಲರಿಗೂ ಕಹಿಯಾದ ಮಾತಿಗೆ ಬರುತ್ತೇನೆ. ಈ ತಾಲೂಕುಗಳ ಕೃಷಿ ಮಳೆಯಾಶ್ರಿತ. ಹೆಸರು, ಕಡಲೆ, ಉಳ್ಳಾಗಡ್ಡಿ, ಹತ್ತಿ ಯಾವುದೇ ಇರಲಿ, ಒಂದು ವರ್ಷ ಬೆಣ್ಣಿಹಳ್ಳ ಉಕ್ಕಿ ಹೊಲ ಕೊಚ್ಚಿಹೋಗುತ್ತದೆ, ಮರುವರ್ಷ ಬಿತ್ತಿದ ಬೀಜ ಮೊಳೆಯುವುದಿಲ್ಲ. ಬೀಜ-ಗೊಬ್ಬರ ಉದ್ರಿ ಕೊಡುವವರು ನಾವು, ಮಾಲು ಬಂದಾಗ ಮುರಿದುಕೊಳ್ಳುವವರೂ ನಾವು. ಇದರಲ್ಲಿ ತಪ್ಪೇನೂ ಇಲ್ಲ. ಬ್ಯಾಂಕು ಬಾಗಿಲು ಹಾಕಿದ ಹೊತ್ತಿನಲ್ಲಿ ರೈತನ ಕೈ ಹಿಡಿದದ್ದು ಅಡತಿ ಅಂಗಡಿಯೇ. ಆದರೆ ಬಿಳಿ ಚೀಟಿಯ ಮೇಲೆ ಲೆಕ್ಕ ಬರೆದುಕೊಟ್ಟು, ‘ಮುಂದಿನ ವಾರ ಬಾ’ ಎಂದು ಮೂರು ವಾರ ಓಡಾಡಿಸುವ ಪದ್ಧತಿ ಪೂರ್ತಿ ನಿಂತಿಲ್ಲ. ಮೇಲಿನ ಖರೀದಿದಾರರು ನಮಗೆ ಹಣ ತಡಮಾಡುತ್ತಾರೆ, ನಾವು ಕೆಳಗಿನವರಿಗೆ ತಡಮಾಡುತ್ತೇವೆ. ನಮ್ಮ ತಡವು ಬಡ್ಡಿಯ ಲೆಕ್ಕದಲ್ಲಿ ಮುಗಿಯುತ್ತದೆ. ಅವರ ತಡವು ರಕ್ತದೊತ್ತಡದ ಗುಳಿಗೆ ತಪ್ಪಿಸುವುದರಲ್ಲಿ, ಮಗಳ ಕಾಲೇಜು ಬಿಡಿಸುವುದರಲ್ಲಿ ಕಾಣುತ್ತದೆ. ಕೆಲವೊಮ್ಮೆ ಇದಕ್ಕಿಂತ ಘೋರವಾದದ್ದರಲ್ಲಿಯೂ ಕಾಣುತ್ತದೆ.

ಆ ಘೋರವನ್ನು ಹೆಸರಿಸಿಯೇ ಹೇಳಬೇಕು. ಹೊಲಕ್ಕೆ ಸಿಂಪಡಿಸುವ ಕ್ರಿಮಿನಾಶಕವು ನಮ್ಮದೇ ಅಂಗಡಿಗಳಿಂದ ಹೋಗುತ್ತದೆ. ಮಲಗುವ ಕೋಣೆಯ ಮೂಲೆಯಲ್ಲಿಯೇ ಇರುತ್ತದೆ. ಹತಾಶೆಯ ಒಂದು ಗಳಿಗೆಗೆ ಅದು ಕೈಗೆಟಕುತ್ತದೆ. ಶ್ರೀಲಂಕೆಯು ಅತಿವಿಷಕಾರಿ ಕ್ರಿಮಿನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಿಂದ 2015ರ ನಡುವೆ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು.  ಆ ಗಳಿಗೆ ದಾಟಿದ ಮನುಷ್ಯ ಬಹುತೇಕ ಬದುಕಿಕೊಳ್ಳುತ್ತಾನೆ. ಕೃಷಿ ಪರಿಕರಗಳ ಮಾರಾಟಗಾರ ಮಿತ್ರರು ಕಡಿಮೆ ವಿಷದ ಪರ್ಯಾಯಗಳನ್ನು ಮುಂದಿನ ಸಾಲಿನಲ್ಲಿ ಇಡುವುದು, ಬೇಕಾದಷ್ಟನ್ನೇ ಮಾರುವುದು, ಕುಡಿದು ಅಥವಾ ಅಳುಮೋರೆಯಿಂದ ಒಬ್ಬಂಟಿಯಾಗಿ ಬಂದವನಿಗೆ ‘ಈಗ ಮಾಲಿಲ್ಲ, ನಾಳೆ ಬಾರಪ್ಪ’ ಎಂದು ಕೂಡಿಸಿ ಚಹಾ ಕುಡಿಸುವುದು, ಮನೆಯವರಿಗೆ ಹೇಳಿ ಕಳಿಸುವುದು, ಇವು ಯಾವ ಸರಕಾರಿ ಆದೇಶಕ್ಕೂ ಕಾಯಬೇಕಾದ ಕೆಲಸಗಳಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ದೊಡ್ಡ ಸಂಸ್ಥೆ ಡಿಮ್ಹಾನ್ಸ್‌ ಇದೆ. ಅದನ್ನು ‘ಹುಚ್ಚರಾಸ್ಪತ್ರೆ’ ಎಂದು ಕರೆಯುವುದನ್ನು ನಾವು ಬಿಟ್ಟರೆ, ಕಂಗಾಲಾದವರು ಅಲ್ಲಿಯ ಮೆಟ್ಟಿಲು ಹತ್ತಲು ಅಷ್ಟರಮಟ್ಟಿಗೆ ಸುಲಭವಾದೀತು.

ಕುಡಿತ, ತಂಬಾಕು ಅವರವರ ಚಟಗಳು, ಅದಕ್ಕೆ ವರ್ತಕರೇಕೆ ಹೊಣೆ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ವೈಯಕ್ತಿಕ ಹೊಣೆಯನ್ನು ನಾನು ಅಲ್ಲಗಳೆಯುವುದಿಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು, 2013ರಲ್ಲಿ ಗುಟಕಾ ನಿಷೇಧವಾಯಿತು. ಎರಡೂ ಚಟಗಳು ಬೇರೆ ಪೊಟ್ಟಣದಲ್ಲಿ ಮರಳಿ ಬಂದವು. ಆದರೂ ಒಂದು ವಿಷಯವನ್ನು ಯೋಚಿಸಬೇಕು. ಸಂತೆಯ ದಿನ ಸಂಜೆ ಏಳಕ್ಕೆ, ಮದ್ಯದಂಗಡಿಯ ದೀಪ ಹತ್ತಿದ ಮೇಲೆ ಕೈಗೆ ನಗದು ಪಗಾರ ಕೊಡುವವರು ನಾವೇ. ನಾನು ಕೆಲವು ವರ್ಷಗಳಿಂದ ಪಗಾರವನ್ನು ಸಂತೆಯ ಹಿಂದಿನ ದಿನ ಮಧ್ಯಾಹ್ನ ಖಾತೆಗೆ ಹಾಕುತ್ತಿದ್ದೇನೆ. ಒಪ್ಪಿದವರದನ್ನು ಹೆಂಡತಿಯ ಖಾತೆಗೆ. ಇದರಿಂದ ಯಾರೂ ಕುಡಿತ ಬಿಡಲಿಲ್ಲ. ಆದರೆ ಸಂತೆಯ ಚೀಲ ತುಂಬಿದ ಮೇಲೆ ಉಳಿದ ಹಣದಲ್ಲಿ ಕುಡಿಯುತ್ತಾರೆ, ಮೊದಲಿನಂತೆ ಕುಡಿದು ಉಳಿದ ಹಣದಲ್ಲಿ ಸಂತೆ ಮಾಡುವುದಿಲ್ಲ. ಈ ವ್ಯತ್ಯಾಸ ಮಕ್ಕಳ ತಾಟಿನಲ್ಲಿ ಕಾಣುತ್ತದೆ ಎಂದು ಅವರ ಮನೆಯವರು ಹೇಳುತ್ತಾರೆ.

ನಮ್ಮ ಸ್ವಂತ ಆರೋಗ್ಯದ ಬಗ್ಗೆಯೂ ಒಂದು ಮಾತು. ಬೆಳಿಗ್ಗೆ ಗಾದಿಯ ಮೇಲೆ ಕುಳಿತವರು ರಾತ್ರಿ ಏಳುವವರೆಗೆ ನಾಲ್ಕು ಚಹಾ, ಒಂದು ಗಿರ್ಮಿಟ್ಟು, ಎರಡು ಮಿರ್ಚಿ, ಹತ್ತಾರು ಫೋನು. ವರ್ತಕರ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಇಲ್ಲದ ಕಪಾಟು ಅಪರೂಪವಾಗಿದೆ. ಬಿಳಿಜೋಳದ ನಾಡಿನವರಾದ ನಾವು ರೊಟ್ಟಿಯನ್ನು ಮದುವೆಮನೆಯ ವಿಶೇಷ ಭಕ್ಷ್ಯವನ್ನಾಗಿ ಮಾಡಿಕೊಂಡಿದ್ದೇವೆ. ಲಂಡನ್ನಿನ ಆ ಅಧ್ಯಯನದ ಮೇಲ್ದರ್ಜೆಯ ಅಧಿಕಾರಿಗಳ ಸಾಲಿನಲ್ಲಿ ನಾವಿದ್ದೇವೆಂದು ಯಾರೂ ಭ್ರಮಿಸಬೇಕಾಗಿಲ್ಲ.

ಇದೆಲ್ಲಕ್ಕೂ ಖರ್ಚು ತಗಲುತ್ತದೆ, ಲಾಭಾಂಶ ಈಗಾಗಲೇ ತೆಳುವಾಗಿದೆ ಎಂಬ ಆಕ್ಷೇಪ ಸಹಜ. ಒಬ್ಬನೇ ಮಾಡಿದರೆ ಪೈಪೋಟಿಯಲ್ಲಿ ಹಿಂದೆ ಬೀಳುತ್ತಾನೆ ಎಂಬುದೂ ಸತ್ಯ. ಚೇಂಬರಿನಂಥ ಸಂಸ್ಥೆ ಇರುವುದೇ ಆ ಕಾರಣಕ್ಕೆ. 50 ಕಿಲೋ ಚೀಲ ಮತ್ತು ಅದಕ್ಕೆ ತಕ್ಕ ಹಮಾಲಿ ದರವನ್ನು ಒಂದು ಮಾರುಕಟ್ಟೆಯ ಎಲ್ಲ ಅಂಗಡಿಗಳೂ ಒಂದೇ ದಿನ ಜಾರಿಗೆ ತಂದರೆ ಯಾರಿಗೂ ಹಿನ್ನಡೆಯಿಲ್ಲ. ಹಂಗಾಮಿ ಕಾರ್ಖಾನೆಗಳ ಕೆಲಸಗಾರರಿಗೂ ಆರೋಗ್ಯ ವಿಮೆ ಅನ್ವಯಿಸಲಿ ಎಂಬ ಬೇಡಿಕೆ ಕಾರ್ಮಿಕ ಸಂಘಗಳಿಂದಲ್ಲದೆ ಮಾಲೀಕರ ಸಂಸ್ಥೆಯಿಂದಲೇ ಹೋದರೆ ದಿಲ್ಲಿಯಲ್ಲಿ ಅದರ ತೂಕವೇ ಬೇರೆ. ವರ್ಷಕ್ಕೊಂದು ಶಿಬಿರ ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಶಿಬಿರಕ್ಕೆ ಬಂದ ವೈದ್ಯರನ್ನು ಊಟಕ್ಕೆ ಕಳಿಸುವ ಮೊದಲು ಗೋದಾಮಿನೊಳಗೆ ಅರ್ಧ ತಾಸು ಅಡ್ಡಾಡಿಸಬೇಕು. ಜಿನ್ನಿಂಗ್‌ ಕೆಲಸಗಾರರಿಗೆ ಉಸಿರಿನ ಪರೀಕ್ಷೆಯನ್ನು ಹಂಗಾಮಿನ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮಾಡಿಸಬೇಕು. ಊದಿಸಿ ನೋಡುವ ಆ ಸಣ್ಣ ಉಪಕರಣಕ್ಕೆ ನಮ್ಮ ಒಂದು ಹಾರ-ತುರಾಯಿಯ ಸಮಾರಂಭದಷ್ಟು ಖರ್ಚೂ ಆಗುವುದಿಲ್ಲ.

ನಮ್ಮ ಅಂಗಡಿಯ ಹಿಂದೆ ಹೆಣ್ಣುಮಕ್ಕಳಿಗಾಗಿ ಎರಡು ಶೌಚಾಲಯಗಳನ್ನು ಕಳೆದ ವರ್ಷ ಕಟ್ಟಿಸಿದೆ. ಮಗ ಲೆಕ್ಕ ಬರೆಯುವಾಗ ಇದನ್ನು ‘ಧರ್ಮಾದಾಯ’ದ ಖಾತೆಗೆ ಹಾಕಿದ್ದ. ಅದನ್ನು ಹೊಡೆದುಹಾಕಿಸಿ, ತಕ್ಕಡಿ ಮತ್ತು ತಾಡಪತ್ರಿಗಳಿರುವ ‘ಅಂಗಡಿ ಖರ್ಚು’ ಖಾತೆಗೆ ತೆಗೆದುಕೊಂಡಿದ್ದೇವೆ.